ಪಾರ್ಟಿ ಹಾಸ್ಟೆಲ್ ವಾಸ: ವೈದ್ಯರೊಂದಿಗೆ ಪ್ರಶ್ನೋತ್ತರ

ಬೆನ್ನುಚೀಲ: ನಮಸ್ಕಾರ ಡಾಕ್ಟರ್ ಮೇಡಂ. ಪ್ರವಾಸಿಗರ ಹಾಸ್ಟೆಲ್ಲಿನ ಹನ್ನೆರಡು ಮಂಚಗಳ ಕೋಣೆಯಲ್ಲಿ ಮೂರು ರಾತ್ರಿ ಮಲಗಿದ ಮೇಲೆ ತೋಳಿನ ಮೇಲೆ ಸಾಲಾಗಿ ಕೆಂಪು ಗುಳ್ಳೆಗಳೆದ್ದಿವೆ. ಇದರಿಂದ ರೋಗವೇನಾದರೂ ಅಂಟೀತೆ?

ಡಾಕ್ಟರ್: ಸಾಲಾಗಿ ಎದ್ದಿದ್ದರೆ ತಿಗಣೆ ಕಚ್ಚಿರಬಹುದು. ತಿಗಣೆಯಿಂದ ರೋಗ ಹರಡುವುದು ಸಾಬೀತಾಗಿಲ್ಲ, ಆದರೆ ಕೆರೆದು ಕೀವು ಮಾಡಿಕೊಳ್ಳಬೇಡಿ. ಹಾಸಿಗೆಯ ಹೊಲಿಗೆಯಂಚಿನಲ್ಲಿ ಕಪ್ಪು ಚುಕ್ಕೆಗಳಿದ್ದರೆ ಕೋಣೆ ಬದಲಿಸಿ, ಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ.

ಅಲೆಮಾರಿ: ಮೇಲಿನ ಮಂಚಕ್ಕೆ ತಿಗಣೆ ಹತ್ತುವುದಿಲ್ಲ ಎನ್ನುತ್ತಾರಲ್ಲ, ನಿಜವೆ ಮೇಡಂ?

ಕೆಳಮಂಚ: ನಿನ್ನೆ ರಾತ್ರಿ ಹಾಸ್ಟೆಲ್ಲಿನ ಬಾರಿನಲ್ಲಿ ಪುಕ್ಕಟೆ ಹಂಚಿದ ಮದ್ಯವನ್ನು ನಾನೂ ಗೆಳೆಯನೂ ಕುಡಿದೆವು. ಬೆಳಿಗ್ಗೆ ಚೆನ್ನಾಗಿಯೇ ಇದ್ದವನು ಈಗ ಸಂಜೆ ಮೊಬೈಲ್ ಪರದೆಯ ಮೇಲೆ ಮಂಜು ಕವಿದಂತಿದೆ, ಹೊಟ್ಟೆ ನೋಯುತ್ತಿದೆ ಎನ್ನುತ್ತಾನೆ. ಹ್ಯಾಂಗೋವರ್ ಇರಬೇಕೆಂದು ಮಲಗಿಸಿದ್ದೇನೆ.

ಡಾಕ್ಟರ್: ಅವರನ್ನು ಈ ಕ್ಷಣ ಎಬ್ಬಿಸಿ, ತುರ್ತು ಚಿಕಿತ್ಸೆಯಿರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಹ್ಯಾಂಗೋವರಿನಲ್ಲಿ ತಲೆ ಸಿಡಿಯುತ್ತದೆಯೇ ಹೊರತು ಕಣ್ಣಿಗೆ ಮಂಜು ಕವಿಯುವುದಿಲ್ಲ. ಮದ್ಯದಲ್ಲಿ ಮೆಥನಾಲ್ ಎಂಬ ವಿಷಕಾರಿ ಮದ್ಯಸಾರ ಬೆರೆತಿದ್ದರೆ ಯಕೃತ್ತು ಅದನ್ನು ನಿಧಾನವಾಗಿ ಫಾರ್ಮಿಕ್ ಆಮ್ಲವಾಗಿಸುತ್ತದೆ, ಜೊತೆಗೆ ಸಾಮಾನ್ಯ ಮದ್ಯವೂ ಇದ್ದರೆ ಅದು ಇನ್ನಷ್ಟು ತಡವಾಗುತ್ತದೆ. ಆದ್ದರಿಂದಲೇ 12ರಿಂದ 24 ಗಂಟೆ ಏನೂ ಆಗಿಲ್ಲವೆಂಬಂತೆ ಓಡಾಡಿಕೊಂಡಿದ್ದವರಿಗೆ ಆಮೇಲೆ ಕಣ್ಣು ಮಂಜಾಗುತ್ತದೆ, ಉಸಿರು ಜೋರಾಗುತ್ತದೆ. ಆ ಆಮ್ಲ ದೃಷ್ಟಿ ನರವನ್ನೇ ಸುಡುತ್ತದೆ. 2024ರ ನವೆಂಬರಿನಲ್ಲಿ ಲಾವೋಸಿನ ವಾಂಗ್ ವಿಯೆಂಗಿನಲ್ಲಿ ಆರು ಮಂದಿ ವಿದೇಶಿ ಪ್ರವಾಸಿಗರು ಸತ್ತದ್ದು ಈ ವಿಷದಿಂದಲೇ. ನೀವೂ ಕುಡಿದಿದ್ದೀರಿ, ಆದ್ದರಿಂದ ನಿಮ್ಮ ರಕ್ತವನ್ನೂ ಪರೀಕ್ಷಿಸಲಿ.

ಹಳೇಪ್ರವಾಸಿ: ಗುಂಪಿಗೆ ಬಂದದ್ದನ್ನು ಹಾಕುತ್ತಿದ್ದೇನೆ: ಚಮಚದಲ್ಲಿ ಮದ್ಯವನ್ನು ಹೊತ್ತಿಸಿದಾಗ ನೀಲಿ ಜ್ವಾಲೆ ಬಂದರೆ ಅದು ಶುದ್ಧ. ವಿಷವೇರಿದ್ದರೆ ಇನ್ನೆರಡು ಪೆಗ್ ಕುಡಿಸಿದರೆ ಇಳಿಯುತ್ತದೆ.

ಡಾಕ್ಟರ್: ದಯವಿಟ್ಟು ಅಳಿಸಿ. ಬೆರಕೆ ಮದ್ಯವೂ ನೀಲಿಯಾಗಿಯೇ ಉರಿಯುತ್ತದೆ. ಆಸ್ಪತ್ರೆಯಲ್ಲಿ ಫೋಮೆಪಿಜೋಲ್ ಎಂಬ ಪ್ರತಿವಿಷ ಸಿಗದಿದ್ದಾಗ ಎಥನಾಲ್, ಅಂದರೆ ಸಾಮಾನ್ಯ ಮದ್ಯಸಾರ, ಕೊಡುವುದು ನಿಜ, ಆದರೆ ಅದು ರಕ್ತ ಪರೀಕ್ಷಿಸುತ್ತ ಅಳತೆ ಮಾಡಿ ಕೊಡುವ ಔಷಧ, ನಿಮ್ಮ ಪೆಗ್ಗಲ್ಲ.

ಹಳೇಪ್ರವಾಸಿ: ಅಂದರೆ ನಾನು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತಲ್ಲ.

ನಿದ್ರಾಪ್ರಿಯೆ: ರಾತ್ರಿ ಮೂರರವರೆಗೂ ಡ್ರಮ್ ಬಡಿಯುತ್ತಾರೆ. ಇಯರ್‌ಪ್ಲಗ್ ಸಾಲುತ್ತಿಲ್ಲ. ಏನು ಮಾಡಲಿ?

ಅಲೆಮಾರಿ: ಪಾರ್ಟಿ ಹಾಸ್ಟೆಲ್ಲಿಗೆ ಬಂದು ನಿದ್ದೆ ಕೇಳುವುದು, ಜಾತ್ರೆಗೆ ಹೋಗಿ ಮೌನ ಕೇಳಿದಂತಾಯಿತು.

ನಿದ್ರಾಪ್ರಿಯೆ: ನಿಮ್ಮನ್ನು ಕೇಳಲಿಲ್ಲ. ಮಲಗುವ ಕೋಣೆಗೂ ಬಾರಿಗೂ ನಡುವೆ ಬಾಗಿಲೆಂಬುದು ಒಂದಿರಬೇಕು.

ಹಳೇಪ್ರವಾಸಿ: ಅಷ್ಟು ನಾಜೂಕಿನವರು ಒಂಟಿ ಕೋಣೆ ಹಿಡಿಯಬೇಕಿತ್ತು.

ಡಾಕ್ಟರ್: ನಿಮ್ಮ ಜಗಳ ಆಮೇಲೆ. ಕೆಳಮಂಚ, ಹೊರಟಿರಾ?

ಬೆನ್ನುಚೀಲ: ಮೇಡಂ, ನನ್ನ ಗುಳ್ಳೆಗೆ ಬೆಳ್ಳುಳ್ಳಿ ಹಚ್ಚಬಹುದೆ?

ಡಾಕ್ಟರ್: ಬೇಡ. ಚರ್ಮ ಸುಡುತ್ತದೆ. ಕೆಳಮಂಚ, ಉತ್ತರಿಸಿ.

ಕೆಳಮಂಚ: ಟ್ಯಾಕ್ಸಿಯಲ್ಲಿದ್ದೇವೆ ಮೇಡಂ. ಅವನು ಜೋರಾಗಿ ಉಸಿರಾಡುತ್ತಿದ್ದಾನೆ.

ಡಾಕ್ಟರ್: ಮಂಪರು ಬಂದರೆ ಮಗ್ಗುಲಾಗಿ ಮಲಗಿಸಿ, ವಾಂತಿ ಗಂಟಲಿಗೆ ಸಿಕ್ಕೀತು. ಆಸ್ಪತ್ರೆಯ ಬಾಗಿಲಲ್ಲೇ ಮೆಥನಾಲ್ ಇರಬಹುದೆಂದು ನೀವೇ ಹೇಳಿ; ಕುಡಿದಿದ್ದಾನೆ ಎಂದಷ್ಟೇ ಹೇಳಿದರೆ ಬೆಂಚಿನ ಮೇಲೆ ಕೂರಿಸಿಬಿಡುತ್ತಾರೆ.

ಅಲೆಮಾರಿ: ಮೇಲಿನ ಮಂಚದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.