ಪಹಣಿಯಿದೆ, ಹೊಲವಿಲ್ಲ

ಭಾನುವಾರದ ಸಂಜೆ ದಾವಣಗೆರೆಯ ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಮೂವರೂ ಎಂದಿನಂತೆ ಸೇರಿದ್ದರು. ಚಿತ್ರದುರ್ಗದ ಬಳಿಯ ಪ್ರಾಚೀನ ನೆಲೆಯಾದ ಚಂದ್ರವಳ್ಳಿಯನ್ನು ಕುರಿತ ತನ್ನ ಸಂಶೋಧನಾ ಲೇಖನದ ಹದಿನಾಲ್ಕು ಪುಟಗಳಿಗೆ ಮಿರ್ಚಿಯ ಎಣ್ಣೆ ತಾಗದಂತೆ ತಿಪ್ಪೇಶಿಯು ಅವುಗಳನ್ನು ಎತ್ತಿ ಹಿಡಿದಿದ್ದನು. ಅದನ್ನು ಬರೆಯಲು ಎಐ ಸಹಾಯಕನಿಗೆ ಹಿಡಿದದ್ದು ನಾಲ್ಕು ನಿಮಿಷವಂತೆ.

“ನಿಮ್ಮ ಕಾಲದಲ್ಲಿ ಒಂದು ಲೇಖನಕ್ಕೆ ನಾಲ್ಕು ವರ್ಷ ಹಿಡಿಯುತ್ತಿತ್ತಲ್ಲವೇ, ಮೇಷ್ಟರೇ?” ಎಂದು ವಕೀಲ ಕೊಟ್ರೇಶನು ಕೆಣಕಿದನು.

“ಹಿಡಿಯುತ್ತಿತ್ತು,” ಎಂದರು ರುದ್ರಪ್ಪ ಮೇಷ್ಟರು. “ಅದರಲ್ಲಿ ಮೂರೂವರೆ ವರ್ಷ ಬರೆಯದೆ ಇರುವುದಕ್ಕೇ ಬೇಕಾಗುತ್ತಿತ್ತು. ಈ ಯಂತ್ರಕ್ಕೆ ಬರೆಯದೆ ಇರುವುದು ಗೊತ್ತಿಲ್ಲ, ಅಷ್ಟೇ.”

ಮೇಷ್ಟರು ಯಾವ ಲೇಖನವನ್ನೂ ಬಾಲದಿಂದ ಓದುವವರು. ಆಧಾರಗ್ರಂಥಗಳ ಪಟ್ಟಿಯ ಮೇಲೆ ಬೆರಳಾಡಿಸುತ್ತಾ, ಎಂ.ಎಚ್. ಕೃಷ್ಣ ಅವರ 1929ರ ಉತ್ಖನನಕ್ಕೆ ತಲೆಯಾಡಿಸಿದರು, ಮಾರ್ಟಿಮರ್ ವೀಲರ್ ಅವರ 1947ರ ಉತ್ಖನನಕ್ಕೂ ತಲೆಯಾಡಿಸಿದರು. ಮೂರನೆಯ ಸಾಲಿಗೆ ಬರುತ್ತಲೇ ಬೆರಳು ನಿಂತಿತು. ಅಲ್ಲಿ ಅವರದೇ ಹೆಸರಿತ್ತು: ‘ಚಂದ್ರವಳ್ಳಿಯ ತಟಾಕ: ಒಂದು ಮರುಚಿಂತನೆ’, 1994, ಪುಟ 41ರಿಂದ 58.

“ಇದನ್ನು ನಾನು ಬರೆದಿಲ್ಲವಲ್ಲಪ್ಪಾ.”

“ಬರೆಯದೆ ಹೇಗಿದ್ದೀತು, ಸಾರ್? ಪುಟಸಂಖ್ಯೆಯೇ ಇದೆಯಲ್ಲ!”

ವಕೀಲನು ಕೈಯಲ್ಲಿದ್ದ ಮಿರ್ಚಿಯನ್ನು ಕೆಳಗಿಟ್ಟು ವಾದಕ್ಕೆ ನಿಂತನು. “ದಾಖಲೆಯಲ್ಲಿ ಹೆಸರು ಬಂದ ಮೇಲೆ ಸ್ವತ್ತು ನಿಮ್ಮದೇ, ಮೇಷ್ಟರೇ. ಸುಮ್ಮನೆ ಅನುಭವಿಸಿರಿ.”

“ಪಹಣಿಯಲ್ಲಿ ಹೆಸರಿದೆ, ಕೊಟ್ರೇಶ. ಸರ್ವೆ ನಂಬರಿದೆ, ಚಕ್ಕುಬಂದಿಯೂ ಇದೆ. ಹೊಲ ಮಾತ್ರ ಇಲ್ಲ. ಬಿತ್ತುವುದೆಲ್ಲಿ?”

ಯಂತ್ರವು ಸುಳ್ಳು ಹೇಳುವುದಿಲ್ಲವೆಂದು ತಿಪ್ಪೇಶಿಯು ಹಟ ಹಿಡಿದನು. ಸುಳ್ಳು ಹೇಳಬೇಕಾದರೆ ನಿಜ ಗೊತ್ತಿರಬೇಕು, ಅದಕ್ಕೆ ಆ ತೊಂದರೆಯೂ ಇಲ್ಲ ಎಂದರು ಮೇಷ್ಟರು. ಒಂದು ಪದದ ಹಿಂದೆ ಯಾವ ಪದ ಬಂದರೆ ಚೆಂದವೆಂದು ಲೆಕ್ಕ ಹಾಕುತ್ತಾ ಹೋಗುವ ಅದು, ಚಂದ್ರವಳ್ಳಿಯ ಪಕ್ಕದಲ್ಲಿ ಒಬ್ಬ ಮೇಷ್ಟರಿದ್ದರೆ ಒಪ್ಪುತ್ತದೆಂದು ಕಂಡು, ಇವರನ್ನು ಹಿಡಿದು ಕೂರಿಸಿತ್ತು. ಮದುವೆಯ ಫೋಟೋದಲ್ಲಿ ಸಾಲು ತುಂಬಲೆಂದು ದಾರಿಹೋಕನನ್ನು ನಿಲ್ಲಿಸಿಕೊಳ್ಳುವಂತೆ.

“ಆದರೆ ನಕಲು ಹಿಡಿಯುವ ಸಾಮ್ಯತೆಯ ಪರೀಕ್ಷೆಯಲ್ಲಿ ನನಗೆ ಬಂದದ್ದು ಶೇಕಡ 4 ಮಾತ್ರ,” ಎಂದು ತಿಪ್ಪೇಶಿಯು ಕೊನೆಯ ಅಸ್ತ್ರವನ್ನು ತೆಗೆದನು. “ಯುಜಿಸಿಯ 2018ರ ನಿಯಮದಲ್ಲಿ ಶೇಕಡ 10ರವರೆಗೆ ದಂಡನೆಯೇ ಇಲ್ಲ.”

“ಯಾರೂ ಇದುವರೆಗೆ ಹೇಳದ ಸುಳ್ಳಿಗೆ ಸಾಮ್ಯತೆ ಎಲ್ಲಿಂದ ಬರಬೇಕು? ನಕಲು ಹೊಡೆಯುವವನು ಕಡೆಯ ಪಕ್ಷ ಒಂದು ಪುಸ್ತಕವನ್ನಾದರೂ ತೆರೆಯುತ್ತಿದ್ದ.”

ಮಾತು ಅಲ್ಲಿಂದ ಪರದೇಶಕ್ಕೆ ಹಾರಿತು. 1950ರ ದಶಕದ ಲೇಖನವೊಂದನ್ನು ಗಣಕಕ್ಕೆ ಏರಿಸುವಾಗ ಅಕ್ಕಪಕ್ಕದ ಎರಡು ಅಂಕಣಗಳ ಪದಗಳು ಕೂಡಿಕೊಂಡು ‘ವೆಜಿಟೇಟಿವ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ’ ಎಂಬ ಅರ್ಥವಿಲ್ಲದ ಪದಪುಂಜವೊಂದು ಹುಟ್ಟಿತೆಂದೂ, ಅದು ಈಚಿನ ಹಲವು ವಿಜ್ಞಾನ ಲೇಖನಗಳಲ್ಲಿ ಗಂಭೀರವಾಗಿ ಅಚ್ಚಾಗಿದೆಯೆಂದೂ ವಕೀಲನು ಓದಿದ್ದನು. “ಶುದ್ಧ ಸಸ್ಯಾಹಾರಿ ಎಂಬ ಫಲಕ ನಮ್ಮ ಖಾನಾವಳಿಗಳಿಗೆ ಮಾತ್ರ ಎಂದುಕೊಂಡಿದ್ದೆ,” ಎಂದರು ಮೇಷ್ಟರು, “ಸೂಕ್ಷ್ಮದರ್ಶಕಕ್ಕೂ ಹಾಕಿಬಿಟ್ಟರೇ?”

ಯಂತ್ರವನ್ನು ಲೇಖಕನೆಂದು ಒಪ್ಪುವುದಿಲ್ಲ, ಲೇಖಕನಾದವನು ಬರೆದದ್ದಕ್ಕೆ ಹೊಣೆ ಹೊರಬೇಕು ಎಂದು ‘ನೇಚರ್’ ಪತ್ರಿಕೆಯು 2023ರಲ್ಲೇ ಹೇಳಿದ್ದನ್ನೂ ವಕೀಲನು ನೆನಪಿಸಿದನು.

“ಹೊಣೆ ಹೊರದವರ ಹೆಸರನ್ನೆಲ್ಲ ಹೊಡೆದುಹಾಕುತ್ತಾ ಬಂದರೆ,” ಎಂದು ಮೇಷ್ಟರು ಮಂಡಕ್ಕಿಯನ್ನು ಬಾಯಿಗೆ ಎಸೆದುಕೊಂಡರು, “ನಮ್ಮಲ್ಲಿ ಎಷ್ಟು ಮಂದಿ ಮಾರ್ಗದರ್ಶಕರು ಉಳಿದಾರು?”

ಮೂವರೂ ನಕ್ಕರು. ಅಂಗಡಿಯವನು ಚಹಾ ತಂದಿಟ್ಟನು. ಮೇಷ್ಟರ ಬೆರಳು ಮಾತ್ರ ಆ ಮೂರನೆಯ ಸಾಲಿನಿಂದ ಇನ್ನೂ ಎದ್ದಿರಲಿಲ್ಲ.

“ಶೀರ್ಷಿಕೆ ಚೆನ್ನಾಗಿದೆ,” ಎಂದರು, ಯಾರಿಗೂ ಅಲ್ಲದಂತೆ. “ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನು ಕೆರೆ ಕಟ್ಟಿಸಿದನೆಂದು ಪ್ರಾಕೃತದಲ್ಲಿ ಬರೆದಿದೆ. ಅಕ್ಷರಗಳು ಸವೆದಿವೆ, ವಿದ್ವಾಂಸರು ಒಬ್ಬೊಬ್ಬರೂ ಒಂದೊಂದು ಬಗೆಯಾಗಿ ಓದಿದ್ದಾರೆ. ರಾಜರ ಹೆಸರುಗಳಿಗಾಗಿ ಎಲ್ಲರೂ ಜಗಳವಾಡಿದರು, ಆ ಕೆರೆಯ ಏರಿ ಎಲ್ಲಿ ಹಾದುಹೋಗಿತ್ತೆಂದು ಹುಡುಕಬೇಕೆಂಬ ಆಸೆ ನನಗೆ. ರಜೆಯಲ್ಲೆಲ್ಲ ದುರ್ಗದ ಬಸ್ಸು ಹತ್ತಿ, ಬಿಸಿಲಿನಲ್ಲಿ ಆ ತಗ್ಗನ್ನು ಹೆಜ್ಜೆಗಳಿಂದ ಅಳೆದೆ. ಎರಡು ನೋಟು ಪುಸ್ತಕ ತುಂಬಿದವು. ಆಮೇಲೆ ಮೌಲ್ಯಮಾಪನ ಬಂತು, ಮಗಳ ಮದುವೆ ಬಂತು, ಮನೆಗೆ ಸುಣ್ಣ ಹೊಡೆಸುವಾಗ ಆ ಪುಸ್ತಕಗಳು ಎಲ್ಲಿ ಹೋದವೋ. 1994 ಎಂದು ಹಾಕಿದೆಯಲ್ಲ, ಸರಿಯಾಗಿ ಆ ಹೊತ್ತಿಗೇ ಮುಗಿಯಬೇಕಿತ್ತು.”

ತಿಪ್ಪೇಶಿಯು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಲು ಹೋದನು. ಮೇಷ್ಟರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಸಾರ್, ಅದರಲ್ಲಿ ನೀವು ಏನು ಬರೆದಿದ್ದೀರೆಂದು ಯಂತ್ರವನ್ನೇ ಕೇಳಿಬಿಡಲೇ?” ಎನ್ನುತ್ತಾ ಹುಡುಗನು ಆಗಲೇ ಮೊಬೈಲು ಹೊರತೆಗೆದಿದ್ದನು.

ಮೇಷ್ಟರು ಅವನ ಮಣಿಕಟ್ಟನ್ನು ಹಿಡಿದರು.

“ಬೇಡ. ಹೇಳಿಬಿಟ್ಟೀತು.”