ಹಳೇ ಆರ್‌ಎಕ್ಸ್ 100: ಚೋಕ್ ತೆಗೆದರೆ ಬಂದ್, ಬಿಸಿಯಾದರೆ ರೇಸ್ ಇಳಿಯಲ್ಲ

ಧಾರವಾಡ, ಸಪ್ತಾಪುರ: ಅಪ್ಪನ 1994ರ ಯಮಹಾ ಬೈಕ್. ಬೆಳಿಗ್ಗೆ ಚೋಕ್ ಹಾಕಿದರೆ ಎರಡನೇ ಕಿಕ್‌ಗೆ ಚಾಲೂ, ಚೋಕ್ ತೆಗೆದ ಕೂಡಲೇ ಬಂದ್. ಹುಬ್ಬಳ್ಳಿಗೆ ಹೊರಟರೆ ನವನಗರ ಬರುವಷ್ಟರಲ್ಲಿ ಎಂಜಿನ್ ಕಾದು, ಎಕ್ಸಿಲೇಟರ್ ಬಿಟ್ಟರೂ ರೇಸ್ (ಎಂಜಿನ್ ಓಟದ ವೇಗ) ಇಳಿಯುವುದಿಲ್ಲ. ಕಾರ್ಬೊರೇಟರ್ ಎರಡು ಸಲ ಕ್ಲೀನ್ ಮಾಡಿಸಿದ್ದೇನೆ. ಹೊಸದೇ ಹಾಕಿಸಲಾ? ನಿಮ್ಮ ಅನುಭವ ಹೇಳಿ.

ಗದಗ, ಬೆಟಗೇರಿ: ಹೊಸ ಕಾರ್ಬೊರೇಟರ್ ಮಾತ್ರ ಬೇಡ ಅಣ್ಣಾ. ನಾನು ಹಾಕಿಸಿ ಕೈ ಸುಟ್ಟುಕೊಂಡಿದ್ದೇನೆ. ಮೊದಲು ಕಾರ್ಬೊರೇಟರ್ ಒಳಗಿನ ಪೆಟ್ರೋಲ್ ತೂತು, ಪೈಲಟ್ ಜೆಟ್ ಅಂದರು, 90 ರೂಪಾಯಿ. ಆಮೇಲೆ ಪ್ಲಗ್, 110. ಆಮೇಲೆ ಕಾರ್ಬೊರೇಟರೇ ಹೋಗಿದೆ ಅಂದರು, 1,650. ಬಿಚ್ಚಿದಾಗಲೆಲ್ಲ ಮಜೂರಿ 200, ಅಂಥದ್ದು ನಾಲ್ಕು ಸಲ. ಒಟ್ಟು 2,650 ಹೋಯ್ತು, ರೇಸ್ ಹಾಗೇ. ಕೊನೆಗೆ ಮುಳಗುಂದ ನಾಕಾ ಕಡೆಯ ವಯಸ್ಸಾದ ಮೇಸ್ತ್ರಿಯೊಬ್ಬರು ಕಾರ್ಬೊರೇಟರ್ ಮುಟ್ಟಲೇ ಇಲ್ಲ. ಪ್ಲಗ್ ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ತುದಿ ಸುಣ್ಣದ ಹಾಗೆ ಬೆಳ್ಳಗೆ. ‘ಎಲ್ಲಿಂದಲೋ ಗಾಳಿ ಎಳೀತಿದೆ, ಅದಕ್ಕೇ ರೇಸ್ ಇಳೀತಿಲ್ಲ’ ಅಂದರು. ಎಳೆದು ತೆಗೆಯುವ ಪುಲ್ಲರ್ ಹಾಕಿ, ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಚಕ್ರ ತೆಗೆದರು. ಅದರ ಹಿಂದಿನ, ಕ್ರ್ಯಾಂಕ್ ದಂಡದ ಸುತ್ತ ಕೂರುವ ರಬ್ಬರ್ ಸೀಲ್ ಒಣಗಿದ ಚಪ್ಪಲಿ ಅಟ್ಟೆಯಂತೆ ಗಟ್ಟಿ. ಉಗುರು ತಾಗಿಸಿದರೆ ಅಂಚು ಚೂರು ಚೂರಾಗಿ ಉದುರುತ್ತಿತ್ತು. ಸೀಲ್ 80, ಮಜೂರಿ 350. ಎಂಜಿನ್ ಇಳಿಸುವ ಕೆಲಸವೇ ಬರಲಿಲ್ಲ. ಆ 1,650 ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ರಾಣೆಬೆನ್ನೂರು: ಸೀಲ್ ಸೀಲ್ ಅಂತ ಎಲ್ಲರ ಎಂಜಿನ್‌ಗೂ ಕೈ ಹಾಕಿಸಬೇಡಿ. ನನ್ನದು 1999ರ ಸ್ಪ್ಲೆಂಡರ್. ಬ್ಯಾಡಗಿಗೆ ಹೊರಟರೆ ದಿನಾ ಅರ್ಧ ದಾರಿಯಲ್ಲಿ ಬಂದ್, ಹತ್ತು ನಿಮಿಷ ನಿಂತರೆ ತಾನೇ ಚಾಲೂ. ಪ್ಲಗ್‌ಗೆ ಕಿಡಿ ಕೊಡಿಸುವ ಸಿಡಿಐ ಬದಲಿಸಿದೆ, 480. ಕಾಯಿಲ್, 350. ಮೆಣಸಿನಕಾಯಿ ಸೀಜನ್ನಿನಲ್ಲಿ ಎರಡು ದಿನದ ಕೆಲಸ ಹಾಳು. ಒಂದಿನ ಪೆಟ್ರೋಲ್ ಎಷ್ಟಿದೆ ನೋಡೋಣ ಅಂತ ಟ್ಯಾಂಕ್ ಮುಚ್ಚಳ ತೆಗೆದೆ. ಸುಸ್ ಅಂತ ಗಾಳಿ ಒಳಗೆ ಹೋಯಿತು, ಒಂದೇ ಕಿಕ್‌ಗೆ ಹತ್ತಿತು. ಮುಚ್ಚಳದ ಗಾಳಿ ತೂತಿನಲ್ಲಿ ಕರಿಮಣ್ಣಿನ ಧೂಳು ಕೂತು ಗಟ್ಟಿಯಾಗಿತ್ತು. ಪಿನ್ನಿನಿಂದ ಚುಚ್ಚಿ ತೆಗೆದೆ. ಒಂದು ಪೈಸೆ ಖರ್ಚಿಲ್ಲ. ಮೊದಲು ಮುಚ್ಚಳ ನೋಡಿ.

ಬೆಟಗೇರಿ: ಅವರಿಗೆ ರೇಸ್ ಏರ್ತಿದೆ ರೀ. ಪ್ರಶ್ನೆ ಓದಿದ್ದೀರಾ?

ರಾಣೆಬೆನ್ನೂರು: ಬಂದ್ ಆಗುತ್ತೆ ಅಂತಲೂ ಬರೆದಿದ್ದಾರೆ. ನೀವು ಓದಿ.

ಹಳೇ ಹುಬ್ಬಳ್ಳಿ: ಇಬ್ಬರೂ ಮೂಲ ಬಿಟ್ಟಿದ್ದೀರಿ. ಈಗಿನ ಪೆಟ್ರೋಲ್‌ನಲ್ಲಿ 20% ಎಥೆನಾಲ್. ಅದು ನೀರು ಹೀರುತ್ತದೆ, ಹಳೇ ರಬ್ಬರ್ ಉಬ್ಬಿಸುತ್ತದೆ. ನನ್ನ ಯೆಜ್ಡಿ ರೋಡ್‌ಕಿಂಗ್ ಮಳೆಗಾಲದಲ್ಲಿ ಎರಡು ತಿಂಗಳು ನಿಂತಿತ್ತು. ಕಾರ್ಬೊರೇಟರ್‌ನ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲು ಬಿಚ್ಚಿದರೆ ತಳದಲ್ಲಿ ನೀರು, ಹಿತ್ತಾಳೆ ಜೆಟ್ ಮೇಲೆ ಹಸಿರು ಕಿಲುಬು. ಈಗ ಗಾಡಿ ನಿಲ್ಲಿಸುವ ಮುಂಚೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಬಟ್ಟಲು ಖಾಲಿ ಆಗುವ ತನಕ ಎಂಜಿನ್ ಓಡಿಸುತ್ತೇನೆ. ಇನ್ನೊಂದು ಮಾತು, ಬೇರೆ ಡಬ್ಬಿಯಿಂದ ಎಂಜಿನ್‌ಗೆ ತಾನೇ ಆಯಿಲ್ ಬಿಡುವ ಆರ್‌ಎಕ್ಸ್‌ನ ಆಯಿಲ್ ಪಂಪ್ ನಂಬಬೇಡಿ. ಯೆಜ್ಡಿಯವರಂತೆ ಪೆಟ್ರೋಲ್‌ನಲ್ಲೇ ಆಯಿಲ್ ಬೆರೆಸಿ, ಲೀಟರ್‌ಗೆ 40 ಎಂಎಲ್.

ಬೆಟಗೇರಿ: ಸೈಲೆನ್ಸರ್ ತುಂಬ ಮಸಿ ಕಟ್ಟುತ್ತದೆ! ಆಯಿಲ್ ಜಾಸ್ತಿ ಬೆರೆಸಿದಷ್ಟೂ ಅದೇ ಜೆಟ್‌ನಲ್ಲಿ ಹೋಗುವ ಪೆಟ್ರೋಲ್ ಕಡಿಮೆ. ಮೊದಲೇ ಗಾಳಿ ಎಳೆಯುವ ಗಾಡಿಗೆ ಇದು ಹೇಳುವ ಮಾತಾ?

ಹಳೇ ಹುಬ್ಬಳ್ಳಿ: 30 ವರ್ಷದಿಂದ ಹಾಕ್ತಿದ್ದೇನೆ, ಪಿಸ್ಟನ್ ಒಮ್ಮೆಯೂ ಜಾಮ್ ಆಗಿಲ್ಲ. ನಿಮ್ಮದು ಸಿಲಿಂಡರ್ ಕೆಟ್ಟು ಎಷ್ಟು ಸಲ ಬೋರ್ ಆಗಿದೆ, ಅದನ್ನು ಹೇಳಿ.

ಬೆಟಗೇರಿ: ಒಂದು ಸಲ. ಆಯಿಲ್ ಡಬ್ಬಿ ಖಾಲಿ ಆದದ್ದನ್ನು ತಮ್ಮ ನೋಡಲಿಲ್ಲ. ಅದರಲ್ಲಿ ಪಂಪಿನ ತಪ್ಪೇನು?

ಸಪ್ತಾಪುರ: ಜಗಳ ಬೇಡ ಅಣ್ಣಂದಿರೇ. ಇವತ್ತು ಎಂಜಿನ್ ಚಾಲೂ ಇಟ್ಟು, ಕಾರ್ಬೊರೇಟರ್ ಕೂರುವ ಜಾಯಿಂಟಿನ ಸುತ್ತ ಡಬ್ಲ್ಯೂಡಿ-40 ಸ್ಪ್ರೇ ಹೊಡೆದೆ. ಏನೂ ಬದಲಾಗಲಿಲ್ಲ. ಮ್ಯಾಗ್ನೆಟ್ ಕವರ್ ಬಿಚ್ಚಿ ಆ ಕಡೆ ಹೊಡೆದಾಗ ರೇಸ್ ತಟ್ಟನೆ ಇಳಿಯಿತು. ಪ್ಲಗ್ ಕೂಡ ಬೆಳ್ಳಗಿದೆ. ಅಂದರೆ ನನ್ನದೂ ಸೀಲೇ ಇರಬೇಕು. ಧಾರವಾಡದಲ್ಲಿ ಪುಲ್ಲರ್ ಯಾರ ಹತ್ತಿರ ಇದೆ? ಟೋಲ್ ನಾಕಾದಿಂದ ಜ್ಯುಬಿಲಿ ಸರ್ಕಲ್ ತನಕ ಮೂವರನ್ನು ಕೇಳಿದೆ, ಮೂವರೂ ಸುತ್ತಿಗೆಯಿಂದ ಹೊಡೆದು ತೆಗೀತೀವಿ ಅಂದರು.

ರಾಣೆಬೆನ್ನೂರು: ಸುತ್ತಿಗೆ ಮುಟ್ಟಿಸಬೇಡಿ, ಕ್ರ್ಯಾಂಕ್ ಸೊಟ್ಟ ಆಗುತ್ತದೆ. ನನ್ನ ಹತ್ತಿರ ಪುಲ್ಲರ್ ಇದೆ. ಭಾನುವಾರ ಧಾರವಾಡಕ್ಕೆ ಬರುವವನಿದ್ದೇನೆ, ತರುತ್ತೇನೆ. ಅಷ್ಟರಲ್ಲಿ ಮುಚ್ಚಳವನ್ನೂ ಒಮ್ಮೆ ನೋಡಿಡಿ.