ಟೈಮ್ ಡೊಮೇನ್‌ನಲ್ಲಿ ಉಬ್ಬುಗಳ ಸಾಲು: ಕೇಬಲ್ ಹಾಳಾಗಿದೆಯಾ?

ಪ್ರಶ್ನೆ: ನಮಸ್ಕಾರ ಸರ್. ತಾರಸಿ ಆಂಟೆನಾದ ಆರ್‌ಜಿ-58 ಕೇಬಲನ್ನು ನ್ಯಾನೋವಿಎನ್‌ಎಯಲ್ಲಿ (ಕೇಬಲ್‌ಗೆ ಸಿಗ್ನಲ್ ಕಳಿಸಿ ವಾಪಸ್ ಬರುವುದನ್ನು ಅಳೆಯುವ ಚಿಕ್ಕ ಮೀಟರು) ನೋಡುತ್ತಿದ್ದೇನೆ. ಪ್ರತಿಫಲನ ಎಷ್ಟು ದೂರದಿಂದ ಬಂತು ಎಂದು ಉಬ್ಬಾಗಿ ತೋರಿಸುವ ಟೈಮ್ ಡೊಮೇನ್ ಗ್ರಾಫ್ ಹಾಕಿದ್ದೇನೆ. ಉದ್ದ ಸುಮಾರು 8 ಮೀಟರ್. ಆ ಕಡೆ ತುದಿಗೆ ಸದ್ಯ ಏನೂ ಜೋಡಿಸಿಲ್ಲ. ತುದಿಗಿಂತ ಅರ್ಧ ಮೀಟರ್ ಮೊದಲು ಒಂದು ಜಾಯಿಂಟ್ ಇದೆ. ಸ್ವೀಪ್ (ಅಳೆಯುವ ಫ್ರೀಕ್ವೆನ್ಸಿಗಳ ವ್ಯಾಪ್ತಿ) 900 ಮೆಗಾಹರ್ಟ್ಜ್‌ವರೆಗೆ, 101 ಪಾಯಿಂಟ್, ಬ್ಯಾಂಡ್‌ಪಾಸ್ ಮೋಡ್. ವಿಂಡೋ (ವ್ಯಾಪ್ತಿಯ ಅಂಚಿನ ಡೇಟಾವನ್ನು ಎಷ್ಟು ತಗ್ಗಿಸಬೇಕು ಎನ್ನುವ ಸೆಟ್ಟಿಂಗ್) ಮಿನಿಮಮ್ ಇಟ್ಟರೆ ತುದಿಯ ದೊಡ್ಡ ಉಬ್ಬಿನ ಎರಡೂ ಕಡೆ ಚಿಕ್ಕ ಉಬ್ಬುಗಳ ಸಾಲು ಬರುತ್ತದೆ. ನಾರ್ಮಲ್ ಹಾಕಿದರೆ ಸಾಲು ಮಾಯ, ಆದರೆ ದೊಡ್ಡದು ದಪ್ಪಗಾಗುತ್ತದೆ. ನಾರ್ಮಲ್ ವಿಂಡೋ ನಿಜವಾದ ದೋಷವನ್ನು ಮುಚ್ಚಿಡುತ್ತಿದೆಯಾ?

ಉತ್ತರ: ಎರಡೂ ಕಡೆ ಅಂದಿರಿ. ಅಂದರೆ ತುದಿಯ ಆಚೆಗೂ ಉಬ್ಬುಗಳಿವೆ. ಅಲ್ಲಿ ಕೇಬಲ್ಲೇ ಇಲ್ಲ, ಅಲ್ವಾ? ಅವು ಸೈಡ್‌ಲೋಬ್‌ಗಳು, ಅಂದರೆ ದೊಡ್ಡ ಉಬ್ಬಿನ ಅಕ್ಕಪಕ್ಕ ಲೆಕ್ಕದಿಂದಲೇ ಹುಟ್ಟುವ ಸುಳ್ಳು ಉಬ್ಬುಗಳು.

ಮೀಟರು ಅಳೆಯುವುದು ಫ್ರೀಕ್ವೆನ್ಸಿಯಲ್ಲಿ; ಟೈಮ್ ಗ್ರಾಫ್ ಲೆಕ್ಕ ಹಾಕಿ ಬರುವಂಥದ್ದು. ನಿಮ್ಮ ಡೇಟಾ 900ಕ್ಕೆ ಥಟ್ಟನೆ ನಿಲ್ಲುತ್ತದೆ. ಆ ಕಡಿತದಿಂದಲೇ ಈ ಅಲೆ. ಮಿನಿಮಮ್‌ನಲ್ಲಿ ಮೊದಲ ಸೈಡ್‌ಲೋಬ್ ಮುಖ್ಯ ಉಬ್ಬಿಗಿಂತ 13 ಡಿಬಿ ಮಾತ್ರ ಕೆಳಗಿರುತ್ತದೆ. ಜಾಯಿಂಟ್‌ನಿಂದ ಬರುವುದು -30 ಡಿಬಿ ಆದರೆ ಆ ಸಾಲಿನಲ್ಲೇ ಕಳೆದುಹೋಗುತ್ತದೆ. ಅಂದರೆ ದೋಷ ಮುಚ್ಚಿಡುತ್ತಿರುವುದು ಮಿನಿಮಮ್ಮೇ! ನಾರ್ಮಲ್ ವಿಂಡೋ ಬ್ಯಾಂಡಿನ ಎರಡು ಅಂಚುಗಳನ್ನು ಮೆಲ್ಲಗೆ ಇಳಿಸುತ್ತದೆ, ಸೈಡ್‌ಲೋಬ್ -44 ಡಿಬಿ ಆಸುಪಾಸಿಗೆ ಹೋಗುತ್ತದೆ. ಅಂಚಿನ ಡೇಟಾಗೆ ಬೆಲೆ ಕಮ್ಮಿಯಾದ್ದರಿಂದ ಉಬ್ಬು ದಪ್ಪಗಾಗುತ್ತದೆ. ನಿಮ್ಮ ಸ್ವೀಪ್‌ಗೆ, ವೆಲಾಸಿಟಿ ಫ್ಯಾಕ್ಟರ್ (ಬೆಳಕಿನ ವೇಗಕ್ಕೆ ಹೋಲಿಸಿದರೆ ಕೇಬಲ್‌ನಲ್ಲಿ ಸಿಗ್ನಲ್‌ನ ವೇಗ) 0.66 ಹಿಡಿದರೆ, ಮಿನಿಮಮ್‌ನಲ್ಲಿ ಅಗಲ ಸುಮಾರು 13 ಸೆಂಟಿಮೀಟರ್, ನಾರ್ಮಲ್‌ನಲ್ಲಿ 21. ಜಾಯಿಂಟ್ 50 ಸೆಂಟಿಮೀಟರ್ ದೂರ ಇದೆ. ಆರಾಮಾಗಿ ಬೇರೆಯಾಗಿ ಕಾಣುತ್ತದೆ.

ಇನ್ನೂ ಅನುಮಾನ ಇದ್ದರೆ ಸ್ಟಾಪ್ ಫ್ರೀಕ್ವೆನ್ಸಿಯನ್ನು 600ಕ್ಕೆ ಇಳಿಸಿ, ಹೊಸದಾಗಿ ಕ್ಯಾಲಿಬ್ರೇಟ್ ಮಾಡಿ, ಮಿನಿಮಮ್‌ನಲ್ಲೇ ನೋಡಿ. ಮೊದಲು ಸುಮಾರು 11 ಸೆಂಟಿಮೀಟರ್‌ಗೊಂದು ಇದ್ದ ಉಬ್ಬು ಈಗ 16ಕ್ಕೊಂದು ಆಗುತ್ತದೆ. ನಿಜವಾದ ಜಾಯಿಂಟ್ ಇದ್ದ ಜಾಗ ಬಿಟ್ಟು ಕದಲುವುದಿಲ್ಲ. ತುದಿಗೆ 50 ಓಮ್ ಲೋಡ್ ಹಾಕಿದರೂ ಗೊತ್ತಾಗುತ್ತದೆ: ದೊಡ್ಡ ಉಬ್ಬು ಬಿದ್ದರೆ ಅದರ ಸೈಡ್‌ಲೋಬ್‌ಗಳೂ ಬೀಳುತ್ತವೆ, ಜಾಯಿಂಟ್ ಉಳಿಯುತ್ತದೆ. ಆವರೇಜಿಂಗ್ ಮಾಡಿ ಸುಮ್ನೆ ಕಾಯಬೇಡಿ, ಇದು ನಾಯ್ಸ್ ಅಲ್ಲ.

ಮರುಪ್ರಶ್ನೆ: ಹಾಗಾದರೆ ಯಾವಾಗಲೂ ಮ್ಯಾಕ್ಸಿಮಮ್ ಇಟ್ಟುಬಿಡಬಹುದಲ್ವಾ ಸರ್?

ಉತ್ತರ: ನಿಮ್ಮ ಮೀಟರ್‌ಗೆ ಬೇಡ. ಅಗಲ 30 ಸೆಂಟಿಮೀಟರ್ ಆಗಿಬಿಡುತ್ತದೆ. ಜೊತೆಗೆ 300 ಮೆಗಾಹರ್ಟ್ಜ್ ಮೇಲೆ ಅದು ಹಾರ್ಮೋನಿಕ್‌ನಲ್ಲಿ (ಮೂಲ ಸಿಗ್ನಲ್‌ನ ಗುಣಕ ಫ್ರೀಕ್ವೆನ್ಸಿಯಲ್ಲಿ) ಅಳೆಯುವುದರಿಂದ ನಾಯ್ಸ್ ಜಾಸ್ತಿ. ಅಷ್ಟು ತಗ್ಗಿದ ಸೈಡ್‌ಲೋಬ್‌ನ ಲಾಭ ಸಿಗುವುದಿಲ್ಲ. ನಾರ್ಮಲ್‌ನಲ್ಲಿ ಶುರು ಮಾಡಿ. ಸರಿಸುಮಾರು ಒಂದೇ ಎತ್ತರದ ಎರಡು ಉಬ್ಬು ಅಂಟಿಕೊಂಡಂತೆ ಕಂಡರೆ ಮಾತ್ರ ಮಿನಿಮಮ್‌ಗೆ ಹೋಗಿ.